ಸೇತುವೆ ಉಳಿಸಿಕೊಟ್ಟ ಎರಡು ತಾಸು

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಭಾನುವಾರ ಸಂಜೆ ಮತ್ತೆ ಬ್ಯಾಗು ಹೆಗಲಿಗೇರಿಸುವ ನಮ್ಮ ಹಿನ್ನೀರಿನಾಚೆಯ ಮಕ್ಕಳಿಗೆ,

ನಿಮ್ಮ ಹಳೆಯ ಕನ್ನಡ ಮೇಷ್ಟ್ರ ಆಶೀರ್ವಾದಗಳು.

ನಿಮ್ಮಲ್ಲಿ ಎಷ್ಟೋ ಜನಕ್ಕೆ ಪತ್ರಲೇಖನ ಕಲಿಸಿದವನು ನಾನು. ಮೊದಲು ಕ್ಷೇಮ ಕೇಳಬೇಕು, ಬಲಗಡೆ ಮೇಲೆ ದಿನಾಂಕ ಹಾಕಬೇಕು, ಹಾಕದಿದ್ದರೆ ಅರ್ಧ ಅಂಕ ಕಳೆಯುತ್ತೇನೆ ಎಂದು ಹೆದರಿಸಿದವನು. ಪರೀಕ್ಷೆ ಮುಗಿದ ಮೇಲೆ ನಿಮ್ಮಲ್ಲಿ ಒಬ್ಬರೂ ನನಗೆ ಪತ್ರ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ಎಲ್ಲರಿಗೂ ಸೇರಿಸಿ ಒಂದೇ. ಒಬ್ಬೊಬ್ಬರ ಮನೆಗೂ ಬಂದು ಹೇಳಬಹುದಿತ್ತು. ಆದರೆ ನಾನು ನಿಮ್ಮ ಜಗಲಿ ಹತ್ತುವಷ್ಟರಲ್ಲಿ ನೀವು ಕಾರು ಹತ್ತಿರುತ್ತೀರಿ.

ಮೊದಲು ಸೇತುವೆಯ ಮಾತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ ಅದನ್ನು ದಾಟಲು ಈಗ ಒಂದು ಕವಳ ಕಟ್ಟಿ ಬಾಯಿಗಿಡುವಷ್ಟು ಹೊತ್ತು ಸಾಕು. ಅದಕ್ಕೆ ಮುಂಚಿನ ಕಥೆ ನಿಮಗೆ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು ಶರಾವತಿ ಹಿಂದಕ್ಕೆ ಹರಡಿಕೊಂಡ ಮೇಲೆ ನಾವು ಸಾಗರದಿಂದ ನೀರಿನಷ್ಟು ದೂರವಾದೆವು. ಮುಂದಿನ ಅರವತ್ತು ವರ್ಷ ನಮ್ಮ ಕರೂರು ಹೋಬಳಿಯ ಗಡಿಯಾರ ಲಾಂಚು. ಮದುವೆಯ ಮುಹೂರ್ತವನ್ನೂ ಲಾಂಚು ನೋಡಿಯೇ ಇಡಬೇಕಾಗಿತ್ತು. ಶನಿವಾರ, ಭಾನುವಾರ ಸಿಗಂದೂರಿಗೆ ಹೋಗುವವರ ಗಾಡಿಗಳ ಸಾಲು ಹೊಳೆಬಾಗಿಲಿನಿಂದ ಮೇಲಿನ ತಿರುವಿನವರೆಗೆ. ಬಿರುಬೇಸಗೆಯಲ್ಲಿ ನೀರಿಳಿದರೆ ಗಾಡಿ ಹತ್ತಿಸುವುದೇ ಇಲ್ಲ, ಜನ ಮಾತ್ರ. ಕಾಯುವುದು, ದಾಟುವುದು, ಈಚೆ ದಡದಲ್ಲಿ ಮತ್ತೆ ಗಾಡಿ ಹುಡುಕುವುದು ಎಲ್ಲ ಸೇರಿ ಎರಡು ತಾಸು ಹೋಗುತ್ತಿತ್ತು. ಹೊರಡುವಾಗ ಮತ್ತೆ ಎರಡು.

ಆ ಎರಡು ತಾಸು ಈಗ ನಿಮ್ಮ ಕೈಗೆ ಬಂದಿದೆ. ಅದು ಎಲ್ಲಿ ಹೋಯಿತು ಎಂದು ಕೇಳಲಿಕ್ಕೇ ಈ ಪತ್ರ.

ಏಕೆಂದರೆ ನಾನು ನೋಡುತ್ತಿರುವುದು ಇಷ್ಟು. ಲಾಂಚಿದ್ದಾಗ ನೀವು ವರ್ಷಕ್ಕೆ ಮೂರೋ ನಾಲ್ಕೋ ಸಲ ಬರುತ್ತಿದ್ದಿರಿ. ಬಂದರೆ ನಾಲ್ಕು ದಿನ ಇರುತ್ತಿದ್ದಿರಿ. ಅಷ್ಟು ಕಷ್ಟಪಟ್ಟು ದಾಟಿ ಬಂದ ಮೇಲೆ ಮರುದಿನವೇ ಹೊರಡಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಈಗ ತಿಂಗಳಿಗೊಮ್ಮೆ ಬರುತ್ತೀರಿ, ಸಂತೋಷ. ಬಂದವರು ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ತಿಂಡಿ ತಿಂದು, ಸ್ನೇಹಿತರೊಡನೆ ಜೋಗಕ್ಕೆ ಹೋಗುತ್ತೀರಿ. ದಾರಿಯಲ್ಲಿ ಸೇತುವೆಯ ಮೇಲೆ ನಿಲ್ಲಿಸಿ ಸೆಲ್ಫಿ. ಮಧ್ಯಾಹ್ನ ಇಕ್ಕೇರಿ, ಆಗುತ್ತದೆ ಅಂದರೆ ಕೆಳದಿ. ಭಾನುವಾರ ಕೊಲ್ಲೂರಿಗೆ ಹೋಗಿ, ಮುರುಡೇಶ್ವರದ ಸಮುದ್ರ ನೋಡಿ, ಅಲ್ಲಿಂದ ಓಡಿ ಬಂದು ಉಪ್ಪಿನಕಾಯಿ ಡಬ್ಬಿ ತುಂಬಿಸಿಕೊಂಡು ಹೊರಟಾಯಿತು. ಒಂದು ಮನೆಯಲ್ಲಂತೂ ಮಗ ಬಂದುಹೋದದ್ದು ತಂದೆಗೆ ಗೊತ್ತಾದದ್ದು ಬಚ್ಚಲಲ್ಲಿ ಒದ್ದೆ ಟವೆಲ್ ನೋಡಿದ ಮೇಲೆ. ಇದು ಜೋಕು ಎಂದು ಅವರೇ ನಗುತ್ತ ಹೇಳಿದರು. ನಗು ಅರ್ಧಕ್ಕೆ ನಿಂತಿತು.

ಇಷ್ಟು ಹೇಳಿದ ಕೂಡಲೇ, ‘ಮೇಷ್ಟ್ರಿಗೆ ಲಾಂಚಿನ ಕಾಲವೇ ಚೆಂದವಿತ್ತಂತೆ’ ಎಂದು ವಾಟ್ಸಾಪಿನಲ್ಲಿ ಹಾಕಬೇಡಿ. ಹಾಗೆ ಹೇಳುವ ಹಕ್ಕು ಈ ಹೋಬಳಿಯಲ್ಲಿ ಯಾರಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ. 1991ರ ಆಷಾಢದ ಒಂದು ರಾತ್ರಿ ನನ್ನ ಅಪ್ಪಯ್ಯನಿಗೆ ಎದೆನೋವು ಬಂತು. ಸಂಜೆಯ ಕೊನೆಯ ಲಾಂಚು ಹೋಗಿ ಮೂರು ತಾಸಾಗಿತ್ತು. ನಿಟ್ಟೂರು, ಹೊಸನಗರದ ಮೇಲೆ ಸುತ್ತಿ ಹೋಗೋಣವೆಂದರೆ ಆ ಮಳೆಯಲ್ಲಿ ಗಾಡಿ ಕೊಡುವವರಿಲ್ಲ, ದಾರಿಯಲ್ಲಿ ಮರ ಬಿದ್ದಿದೆಯೋ ಇಲ್ಲವೋ ತಿಳಿಯುವಂತಿಲ್ಲ. ಕಂಬಳಿ ಹೊದೆಸಿ, ಎದೆಗೆ ಬಿಸಿ ಎಣ್ಣೆ ತಿಕ್ಕುತ್ತ, ಬೆಳಗಿನ ಮೊದಲ ಲಾಂಚಿಗೆ ಕಾದೆವು. ಲಾಂಚು ಬಂತು. ಅಪ್ಪಯ್ಯ ಅಷ್ಟು ಹೊತ್ತಿಗೆ ಇರಲಿಲ್ಲ. ಹೀಗೆ ಕಾದ ಮನೆಗಳು ನಮ್ಮ ಕಡೆ ಒಂದೆರಡಲ್ಲ. ಹೆರಿಗೆ ನೋವಿನ ಹೆಂಗಸರನ್ನು ಮಲಗಿಸಿಕೊಂಡು ದಡದಲ್ಲಿ ಲಾಟೀನು ಆಡಿಸಿದ ನೆನಪು ನಿಮ್ಮ ಅಜ್ಜಿಯಂದಿರಿಗೆ ಇದ್ದೀತು. ಅದನ್ನು ನಿಧಾನದ ಬದುಕು ಎಂದು ಕರೆದು ಚೆಂದ ಕಾಣಿಸುವುದು ಪಾಪದ ಕೆಲಸ. ಅದು ಬರೀ ತಡ. ತಡವನ್ನು ಯಾರೋ ನಮ್ಮ ಮೇಲೆ ಹೇರಿರುತ್ತಾರೆ. ನಿಧಾನವನ್ನಾದರೆ ನಾವೇ ಕೂತು ಮಾಡಿಕೊಳ್ಳಬೇಕು.

ಸೇತುವೆ ಬರಲೇಬೇಕಿತ್ತು. ಅರವತ್ತು ವರ್ಷ ಮೊದಲೇ ಬರಬೇಕಿತ್ತು.

ಆದರೆ ಅಪ್ಪಯ್ಯನ ವಿಷಯದಲ್ಲಿ ನನ್ನನ್ನು ಇಂದಿಗೂ ಚುಚ್ಚುವುದು ಆ ರಾತ್ರಿಯೊಂದೇ ಅಲ್ಲ. ನನ್ನ ಸರ್ವಿಸಿನ ಮೊದಲ ಹತ್ತು ವರ್ಷ ನಾನು ಆಚೆ ದಡದ ಶಾಲೆಯಲ್ಲಿದ್ದೆ. ದಿನಾ ಎರಡು ಹೊತ್ತು ಹೊಳೆ ದಾಟುವವನು. ಸಂಜೆ ಮನೆ ಮುಟ್ಟಿದರೆ ಅಪ್ಪಯ್ಯ ಜಗಲಿಯ ಕಂಬಕ್ಕೆ ಒರಗಿ, ಕವಳದ ಹರಿವಾಣ ಪಕ್ಕದಲ್ಲಿಟ್ಟುಕೊಂಡು ಕೂತಿರುತ್ತಿದ್ದ. ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ: “ಹೊಳೆ ಎಷ್ಟು ಬಂತೋ?” ನಾನು “ಬಂದಿದೆ” ಅನ್ನುತ್ತಿದ್ದೆ, ಇಲ್ಲವೇ “ಇಳಿದಿದೆ” ಅನ್ನುತ್ತಿದ್ದೆ. ಒಳಗೆ ಹೋಗಿ ಕಂದೀಲಿನ ಮುಂದೆ ಉತ್ತರಪತ್ರಿಕೆ ಹರಡಿಕೊಳ್ಳುತ್ತಿದ್ದೆ. ಹತ್ತು ವರ್ಷ ಅದೇ ಪ್ರಶ್ನೆ, ಅದೇ ಒಂದು ಪದದ ಉತ್ತರ. ಪರೀಕ್ಷೆಯಲ್ಲಿ ಹಾಗೆ ಬರೆದಿದ್ದರೆ ನಾನೇ ಸೊನ್ನೆ ಕೊಡುತ್ತಿದ್ದೆ.

ನಮ್ಮ ಹಳೆಯ ಮನೆ ಆ ನೀರಿನಡಿಯಲ್ಲಿತ್ತು. ತೋಟ, ಬಾವಿ, ಅಪ್ಪಯ್ಯ ಹುಟ್ಟಿದ ಕೋಣೆ ಎಲ್ಲ. ಜಲಾಶಯ ಭರ್ತಿಯಾಗುವ ಮಟ್ಟ 1819 ಅಡಿ ಎಂಬುದು ನಮ್ಮ ಕಡೆ ಮಗ್ಗಿ ಬಾರದ ಮಕ್ಕಳಿಗೂ ಬಾಯಿಪಾಠ. ಮಳೆಗಾಲದಲ್ಲಿ ಇಂದಿಗೂ ಪೇಪರು ಬಿಡಿಸಿದರೆ ಮೊದಲು ಕಣ್ಣು ಹೋಗುವುದು ಅಲ್ಲಿಗೆ. ಬೇಸಗೆಯಲ್ಲಿ ನೀರು ತೀರಾ ಇಳಿದ ವರ್ಷ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟು ಮೇಲೆದ್ದು ಕಾಣುತ್ತದಲ್ಲ, ಹಾಗೆಯೇ ಯಾರ್ಯಾರದೋ ಮನೆಯ ಪಾಗಾರ, ಮೆಟ್ಟಿಲು, ಬಾವಿಕಟ್ಟೆ ಸಹ ಏಳುತ್ತವೆ. ಅಪ್ಪಯ್ಯ ಕೇಳುತ್ತಿದ್ದದ್ದು ಹೊಳೆಯನ್ನಲ್ಲ, ಮನೆಯನ್ನು ಎಂದು ನನಗೆ ಹೊಳೆದದ್ದು ಅವನು ಹೋದ ಮೇಲೆ. ಒಂದು ಸಂಜೆ ಅವನ ಪಕ್ಕ ಕೂತು “ಯಾಕೆ ದಿನಾ ಕೇಳುತ್ತೀಯ?” ಎಂದು ಕೇಳಿದ್ದರೆ ಸಾಕಿತ್ತು. ನನಗೆ ಪುರುಸೊತ್ತಿರಲಿಲ್ಲ. ಲಾಂಚು ತಿಂದ ಹೊತ್ತಿನ ಲೆಕ್ಕವನ್ನು ಊರೆಲ್ಲ ಹೇಳಿಕೊಂಡು ತಿರುಗಿದವನು, ನಾನೇ ತಿಂದ ಹೊತ್ತಿನ ಲೆಕ್ಕ ಇಟ್ಟಿರಲಿಲ್ಲ.

ನಾ. ಡಿಸೋಜರ ‘ದ್ವೀಪ’ ಕಾದಂಬರಿಯನ್ನು ನಾನು ತರಗತಿಯಲ್ಲಿ ನಿಮಗೆ ಹೇಳಿದ್ದು ನೆನಪಿರಬಹುದು. ಮುಳುಗಡೆಯ ಬಗ್ಗೆ ಗಂಟೆಗಟ್ಟಲೆ ಕೊರೆದಿದ್ದೇನೆ. ಮುಳುಗಡೆಯಾದ ಮನುಷ್ಯ ನಮ್ಮ ಜಗಲಿಯಲ್ಲೇ ಕೂತಿದ್ದ.

ಹಾಗಾಗಿ ನಾನು ಬೋಧನೆಗೆ ಕೂತಿಲ್ಲ ಮಕ್ಕಳೇ. ನನ್ನ ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತಿದ್ದೇನೆ, ಅಷ್ಟೇ.

ನೀವು ಸೋಮಾರಿಗಳಾಗಬೇಕು ಎಂದು ಬೇಡುತ್ತಿಲ್ಲ. ನಿಮ್ಮ ಕಷ್ಟ ಗೊತ್ತಿದೆ. ನಿಮ್ಮಲ್ಲಿ ಕೆಲವರು ಅಮೆರಿಕದ ಹಗಲಿಗೆ ಎದ್ದಿರುವವರು, ಕೆಲವರು ತಿಂಗಳ ಕೊನೆಯ ಟಾರ್ಗೆಟ್ಟಿಗೆ ಓಡುವವರು. ಊಟದ ಪೊಟ್ಟಣ ಹಿಡಿದು ಹತ್ತು ನಿಮಿಷಕ್ಕೆ ಬೈಕಿನಲ್ಲಿ ಬಂದು ಮೂರು ಅಂತಸ್ತು ಹತ್ತುವ ಹುಡುಗನಿಗೆ ‘ನಿಧಾನವಾಗಿ ಬದುಕಪ್ಪಾ’ ಎಂದರೆ ಅವನು ಹೆಲ್ಮೆಟ್ಟು ನನ್ನ ತಲೆಗೆ ಹಾಕಿಯಾನು. ನಾನು ಕೇಳುತ್ತಿರುವುದು ನಿಮ್ಮ ಐದು ದಿನವನ್ನಲ್ಲ. ಇಲ್ಲಿಗೆ ಬಂದ ಎರಡು ದಿನದಲ್ಲಿ, ಸೇತುವೆ ಉಳಿಸಿಕೊಟ್ಟ ಆ ಎರಡು ತಾಸು ಮಾತ್ರ.

ಅದರಲ್ಲಿ ಏನು ಮಾಡಬೇಕು? ಇದೇ ನೋಡಿ ನೀವು ಕೇಳುವ ಪ್ರಶ್ನೆ. ನನ್ನ ಮೊಮ್ಮಗಳೂ ಇದನ್ನೇ ಕೇಳುತ್ತಾಳೆ. ಏಳು ವರ್ಷದವಳು, ಬೆಂಗಳೂರಿನಲ್ಲಿ ಮೂರನೇ ಮಹಡಿ. ನಾನು ಅಲ್ಲಿ ಹದಿನೈದು ದಿನ ಇದ್ದಾಗ ಅವಳು ದಿನಕ್ಕೆ ಹತ್ತು ಸಲ, “ಅಜ್ಜ, ಈಗ ಏನು ಮಾಡೋಣ?” ಒಂದು ಆಟ ಮುಗಿಯುವ ಮೊದಲೇ ಮುಂದಿನ ಆಟದ ವಿಚಾರಣೆ. ಕಳೆದ ದೀಪಾವಳಿಗೆ ಇಲ್ಲಿಗೆ ಬಂದಿದ್ದಳು. ಬೆಳಿಗ್ಗೆ ಎದ್ದವಳು ಹೇಗೋ ಬಚ್ಚಲ ಒಲೆಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಹಂಡೆಯಲ್ಲಿ ನೀರು ಕಾಯುತ್ತಿತ್ತು. ಅಡಿಕೆ ಸೋಗೆ ಒಂದೊಂದಾಗಿ ಒಳಗೆ ನೂಕುವುದು, ಅದು ಭುಗ್ಗೆಂದು ಹತ್ತುವುದು, ಕೆಂಪಾಗುವುದು, ಬೂದಿಯಾಗುವುದು. ತೆಂಗಿನ ಚಿಪ್ಪು ಹಾಕಿದರೆ ಬೇರೆ ಥರ ಉರಿ, ಹಸಿ ಕಟ್ಟಿಗೆ ಹಾಕಿದರೆ ತುದಿಯಲ್ಲಿ ನೊರೆ ಬಂದು ಸುಂಯ್ ಎಂದು ಸದ್ದು. ಒಂದು ತಾಸು ಅವಳ ಬಾಯಲ್ಲಿ ಮಾತಿಲ್ಲ. ಅಷ್ಟರಲ್ಲಿ ಅವಳಮ್ಮ ಕಾರಿನ ಕೀಲಿ ಹಿಡಿದು ಬಂದಳು: “ಬಾ ಪುಟ್ಟಿ, ಜೋಗಕ್ಕೆ ಹೊರಡೋಣ.” ಮಗು ತಿರುಗದೆಯೇ ಹೇಳಿತು: “ತಾಳು, ಈ ಕಟ್ಟಿಗೆ ಮುಗೀಲಿ.”

ಜೋಗಕ್ಕೆ ಹೋಗಬೇಡಿ ಎಂದಲ್ಲ. ಜಲಪಾತ ಎಲ್ಲೂ ಓಡಿಹೋಗುವುದಿಲ್ಲ ಎಂದಷ್ಟೇ. (ಮಳೆ ಹಿಡಿದ ದಿನ ಹೋದರೂ ಮಂಜು ಬಿಟ್ಟು ಏನೂ ಕಾಣುವುದಿಲ್ಲ, ಅದೂ ಚೆಂದವೇ.) ಕಟ್ಟಿಗೆ ಮಾತ್ರ ಮುಗಿಯುತ್ತದೆ. ಬಚ್ಚಲ ಒಲೆಯೂ ಇನ್ನೆಷ್ಟು ದಿನವೋ. ನಿಮ್ಮಲ್ಲಿ ಅರ್ಧ ಜನ ಈಗಾಗಲೇ ಸೋಲಾರ್ ಹಾಕಿಸಿಕೊಟ್ಟಿದ್ದೀರಿ. ಹೊಗೆ ಕುಡಿದು ಕಣ್ಣು ಕೆಡಿಸಿಕೊಂಡ ಅಮ್ಮಂದಿರಿಗೆ ಅದು ಒಳ್ಳೆಯದೇ.

ಹೀಗೆ ಹೇಳುತ್ತ ಹೋದರೆ ಎಲ್ಲದಕ್ಕೂ ಎರಡು ಮುಖ ಕಾಣುತ್ತದೆ. ಅಡಿಕೆ ಸುಲಿಯುವ ಯಂತ್ರ ಬಂದಿದೆ. ಮೊದಲು ಕೊನೆಕೊಯ್ಲಾದ ಮೇಲೆ ರಾತ್ರಿ ಹನ್ನೊಂದು ಹನ್ನೆರಡರವರೆಗೆ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತು ಸುಲಿಯುತ್ತಿದ್ದರು. ಹತ್ತು ಜನ ಸೇರಿದರೆ ಒಬ್ಬರು ಯಕ್ಷಗಾನದ ಪದ್ಯ ಎತ್ತಿಕೊಳ್ಳುವರು, ಇನ್ನೊಬ್ಬರು ದೆವ್ವದ ಕಥೆ. ಮೂಲೆಯಲ್ಲಿ ಭದ್ರಾವತಿ ಆಕಾಶವಾಣಿ. ಮಕ್ಕಳು ಅಡಿಕೆ ಸಿಪ್ಪೆಯ ರಾಶಿಯ ಮೇಲೇ ನಿದ್ದೆ. ನೆನೆದರೆ ಸುಖ. ಆದರೆ ಆ ಹೆಂಗಸರ ಬೆರಳು ನೋಡಿದ್ದೀರಾ? ಚೊಗರಿನಲ್ಲಿ ಕಪ್ಪಾಗಿ, ಸೀಳು ಬಿಟ್ಟು, ಊಟ ಕಲಸಿದರೆ ಉರಿಯುತ್ತಿತ್ತು. ಯಂತ್ರವನ್ನು ನಾನು ವಾಪಸು ಕಳಿಸಲಾರೆ. ನನ್ನ ತಕರಾರು ಇಷ್ಟೇ: ಬೆರಳು ಉಳಿಯಿತು, ರಾತ್ರಿಯೂ ಉಳಿಯಿತು, ಹತ್ತು ಜನ ಮಾತ್ರ ಯಾಕೆ ಸೇರುತ್ತಿಲ್ಲ? ಕಥೆ ಹೇಳಲು ಕೈಯಲ್ಲಿ ಮೆಟ್ಟುಗತ್ತಿ ಇರಲೇಬೇಕೆ?

ಕನ್ನಡ ಮೇಷ್ಟ್ರ ಚಟ, ಒಂದು ಪದದ ಬಳಿ ನಿಲ್ಲುತ್ತೇನೆ. ‘ಸಾವಕಾಶ’ ಎನ್ನುತ್ತೇವಲ್ಲ, ಸಾವಕಾಶವಾಗಿ ಬಾ, ಸಾವಕಾಶವಾಗಿ ಊಟ ಮಾಡು ಎಂದು. ಅದನ್ನು ಬಿಡಿಸಿದರೆ ಸ-ಅವಕಾಶ. ಅವಕಾಶದೊಡನೆ ಕೂಡಿದ್ದು. ಅವಕಾಶ ಎಂದರೆ ನೀವು ನೌಕರಿಯ ಜಾಹೀರಾತಿನಲ್ಲಿ ಓದುವ ಅವಕಾಶವಲ್ಲ. ಮೂಲದಲ್ಲಿ ಅದು ಜಾಗ, ತೆರಪು. ಇನ್ನು ‘ನಿಧಾನ’ ಎಂಬ ಪದಕ್ಕೆ ಹಳೆಯ ಅರ್ಥ ನಿಧಿ, ಹುಗಿದಿಟ್ಟ ಹಣ. ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ವಚನದಲ್ಲಿ ಅದನ್ನು ಆ ಅರ್ಥದಲ್ಲೇ ಬಳಸಿದ್ದಾಳೆ. ಎರಡು ಅರ್ಥಕ್ಕೂ ನಂಟು ಹೇಗೆ ಬಂತು ಎಂಬುದನ್ನು ಭಾಷಾಪಂಡಿತರಿಗೆ ಬಿಡೋಣ. ನಿಮ್ಮ ಅಜ್ಜಿ ದಿನಕ್ಕೆ ಇಪ್ಪತ್ತು ಸಲ “ನಿಧಾನ, ನಿಧಾನ” ಎನ್ನುವಾಗ ಏನು ಹಂಚುತ್ತಿದ್ದಾಳೆ ಎಂದು ಒಮ್ಮೆ ಯೋಚಿಸಿದರೆ ಸಾಕು.

ಈಗ ಇದಕ್ಕೂ ಬೆಲೆಪಟ್ಟಿ ಬಂದಿದೆ. ಹೊಳೆಯ ಈಚೆ ಒಂದು ಹೋಂಸ್ಟೇಯಲ್ಲಿ ‘ಸ್ಲೋ ಲಿವಿಂಗ್’ ಎಂದು ಹಲಗೆ ನೋಡಿದೆ. ಒಳಗೆ ಗೋಡೆಗೆ ವೇಳಾಪಟ್ಟಿ: ಬೆಳಿಗ್ಗೆ 6ಕ್ಕೆ ಹಕ್ಕಿ ನೋಡುವುದು, 8ಕ್ಕೆ ಮಲೆನಾಡ ತಿಂಡಿ, 9.30ಕ್ಕೆ ತೋಟದ ನಡಿಗೆ, 11ಕ್ಕೆ ಕಯಾಕಿಂಗ್. ನನ್ನ ಶಾಲೆಯ ವೇಳಾಪಟ್ಟಿಯಲ್ಲೂ ಅಷ್ಟು ಬಿಗಿ ಇರಲಿಲ್ಲ. ನಡೆಸುವ ಹುಡುಗ ನನ್ನ ಶಿಷ್ಯನೇ. “ಏನೂ ಇಲ್ಲ ಅಂದರೆ ಗೆಸ್ಟುಗಳು ಗಾಬರಿಯಾಗ್ತಾರೆ ಸಾರ್” ಎಂದ. ಅವನನ್ನು ಬೈಯುವಂತಿಲ್ಲ. ಊರಲ್ಲೇ ಉಳಿದು ಹೊಟ್ಟೆ ಹೊರೆಯುತ್ತಿದ್ದಾನೆ.

ನಿಧಾನವನ್ನು ಚಳವಳಿ ಮಾಡಿದವರು ಇಟಲಿಯವರು. 1986ರಲ್ಲಿ ರೋಮ್ ನಗರದ ಸ್ಪಾನಿಷ್ ಮೆಟ್ಟಿಲುಗಳ ಬಳಿ ಮೆಕ್‌ಡೊನಾಲ್ಡ್ಸ್ ಬಂದಾಗ ಕಾರ್ಲೊ ಪೆಟ್ರಿನಿ ಮತ್ತು ಗೆಳೆಯರು ಎದ್ದು ನಿಂತರು. ಅದರಿಂದ ಬೆಳೆದದ್ದು ಸ್ಲೋ ಫುಡ್ ಚಳವಳಿ. ಅವರ ಗುರುತು ಬಸವನಹುಳು. ನನಗೆ ಅವರಲ್ಲಿ ಹಿಡಿಸಿದ್ದು ಒಂದು ಸಂಗತಿ: ಊಟ ರುಚಿಯಾಗಿದ್ದರೆ ಸಾಲದು, ಬೆಳೆದವನಿಗೂ ನ್ಯಾಯವಾದ ಪಾಲು ಸಿಗಬೇಕು ಎಂದರು. ತಿನ್ನುವವನ ಸುಖವನ್ನಷ್ಟೇ ನೋಡಲಿಲ್ಲ.

ಇದನ್ನು ಯಾಕೆ ಹೇಳಿದೆ ಎಂದರೆ, ನಿಮ್ಮಲ್ಲಿ ಕೆಲವರು ಊರಿಗೆ ಬಂದು ನಿಜವಾಗಿಯೂ ಕೂರುತ್ತೀರಿ. ಜಗಲಿಯಲ್ಲಿ ಕಾಲು ಚಾಚಿ, ಮಳೆ ನೋಡುತ್ತ, ‘ಆಹಾ’ ಎನ್ನುತ್ತೀರಿ. ಆ ಹೊತ್ತಿನಲ್ಲಿ ಒಳಗೆ ಏನು ನಡೆದಿರುತ್ತದೆ? ಅಮ್ಮ ನಾಲ್ಕೂವರೆಗೆ ಎದ್ದಿದ್ದಾಳೆ. ಶುಕ್ರವಾರ ಬಸ್ಸಿನಲ್ಲೇ ನೀವು ಫೋನಿನಲ್ಲಿ ಹೇಳಿದ ಪಟ್ಟಿಯ ಪ್ರಕಾರ ತೆಳ್ಳೇವು, ಒಂದೆಲಗದ ತಂಬುಳಿ, ಅಪ್ಪೆಹುಳಿ, ಪತ್ರೊಡೆ, ಹಲಸಿನ ಹಪ್ಪಳ. ಒಂದು ಕಾವಲಿಯ ಮುಂದೆ ನಿಂತು ನಾಲ್ಕು ಜನಕ್ಕೆ ತೆಳ್ಳೇವು ಹೊಯ್ಯುವುದು ಎಂದರೆ, ಕೊನೆಯವಳು ತಿನ್ನುವಾಗ ಮೊದಲನೆಯವನಿಗೆ ಮಧ್ಯಾಹ್ನದ ಹಸಿವು. ನಿಮ್ಮ ಸಾವಕಾಶ ಅಮ್ಮನ ಅವಸರದ ಮೇಲೆ ನಿಂತಿದ್ದರೆ ಆ ಜಗಲಿಯ ಸುಖಕ್ಕೆ ಅರ್ಥವಿಲ್ಲ. ನಾನಿದನ್ನು ಹೇಳುವಾಗ ಒಳಗಿನಿಂದ ನಮ್ಮ ಮನೆಯವಳು ಕೆಮ್ಮಿದಳು. ಒಪ್ಪುತ್ತೇನೆ, ನಾನು ಕಾವಲಿ ಹಿಡಿದದ್ದು ನಿವೃತ್ತನಾದ ಮೇಲೆಯೇ. ಮೊದಲ ಹತ್ತು ತೆಳ್ಳೇವು ನಾಯಿಗೆ ಹೋದವು. ಹನ್ನೊಂದನೆಯದನ್ನು ಅವಳು ಮಣೆಯ ಮೇಲೆ ಕೂತು ತಿಂದಳು. ನಲವತ್ತು ವರ್ಷದಲ್ಲಿ ಅವಳು ಬಿಸಿಯಿದ್ದಾಗ ತಿಂದ ಮೊದಲ ತೆಳ್ಳೇವು ಅದು ಎಂದು ನನಗೆ ಅನುಮಾನ.

ಆದ್ದರಿಂದ ನನ್ನ ಮೊದಲ ಬೇಡಿಕೆ ಅಡುಗೆಮನೆಯದು. ಬರುವ ಶನಿವಾರ ಕಾವಲಿಯ ಮುಂದೆ ನೀವು ನಿಲ್ಲಿ, ಅಮ್ಮನನ್ನು ಕೂರಿಸಿ. ಗಂಡುಮಕ್ಕಳಿಗೆ ಇದನ್ನು ಎರಡು ಸಲ ಹೇಳಿದೆ ಎಂದು ತಿಳಿಯಿರಿ. ಪಟ್ಟಿ ಕೊಡಬೇಡಿ, ಗಂಜಿ, ಚಟ್ನಿ, ಸುಟ್ಟ ಹಪ್ಪಳ ಇದ್ದರೆ ಅದಕ್ಕಿಂತ ಬೇಕೆ?

ತಿಂಡಿಯಾದ ಮೇಲೆ ಫೋನುಗಳನ್ನೆಲ್ಲ ನಾಗಂದಿಗೆಯ ಮೇಲಿಟ್ಟು ಜಗಲಿಗೆ ಬನ್ನಿ. ಕರೆಂಟು ಹೋದರೆ ಟವರೂ ಹೋಗುವ ಊರು ನಮ್ಮದು. ಇಟ್ಟರೆ ನಷ್ಟವೇನೂ ಇಲ್ಲ. ಏನೂ ಮಾಡಬೇಡಿ. ಮೊದಲ ಅರ್ಧ ತಾಸು ಕೈ ತುರಿಸುತ್ತದೆ, ಒಂದು ಸಲ ಎದ್ದೂ ಬಿಡುತ್ತೀರಿ. ಕೂತಿರಿ. ನಿಮ್ಮ ಅಪ್ಪಂದಿರು ಮಾತಿನವರಲ್ಲ, ನನಗೆ ಗೊತ್ತು. ಅವರಿಗೂ ನಾನೇ ಮೇಷ್ಟ್ರು, ಕೆಲವರಿಗೆ. ಆದರೆ ಕೂತ ಮಗನ ಪಕ್ಕ ಅಪ್ಪ ಎಷ್ಟು ಹೊತ್ತು ಸುಮ್ಮನಿದ್ದಾನು? ಕೊಳೆರೋಗದ ಔಷಧಿ ಹೊಡೆಯುವ ಮಾತಿನಿಂದ ಶುರುವಾಗಿ, ಯಾವುದೋ ಜಗಳ, ಯಾವುದೋ ಮದುವೆ, ಯಾವುದೋ ಸಾಲ ದಾಟಿ, ನೀವು ಈವರೆಗೆ ಕೇಳದ ಕಡೆಗೆ ಬಂದೇ ಬರುತ್ತದೆ. ಬಾರದಿದ್ದರೂ ಹೋಗಲಿ. 2020ರ ಲಾಕ್‌ಡೌನಿನಲ್ಲಿ ನೀವು ತಿಂಗಳುಗಟ್ಟಲೆ ಇಲ್ಲಿದ್ದಿರಿ. ನೆಟ್‌ವರ್ಕಿಗಾಗಿ ಗುಡ್ಡದ ಮೇಲೆ ತಾಡಪಾಲು ಕಟ್ಟಿ ಲ್ಯಾಪ್‌ಟಾಪು ಹಿಡಿದು ಕೂತಿದ್ದಿರಿ. ಆಗ ಸಂಜೆ ಗುಡ್ಡ ಇಳಿದು ಬಂದು ಜಗಲಿಯಲ್ಲಿ ಬಿದ್ದುಕೊಂಡಾಗಿನ ನಿಮ್ಮ ಮುಖ ನಾನು ನೋಡಿದ್ದೇನೆ. ಅದಕ್ಕೆ ಮತ್ತೊಂದು ಮಾರಿ ಬರುವುದು ಬೇಡ.

ನಮ್ಮ ಕಡೆಯಿಂದಲೂ ಒಂದು ಮಾತು ಕೊಡಬೇಕು. ನೀವು ಜಗಲಿಗೆ ಬರಲು ಹೆದರುವುದು ಯಾಕೆಂದು ನಮಗೆ ತಿಳಿಯದ್ದಲ್ಲ. ಕೂತ ಕೂಡಲೇ ಸಂಬಳ ಎಷ್ಟಾಯಿತು, ಮದುವೆ ಯಾವಾಗ, ಮದುವೆಯಾಗಿದ್ದರೆ ಮಗು ಯಾವಾಗ, ಇಂಥವರ ಮಗ ಕೆನಡಾಕ್ಕೆ ಹೋದನಂತೆ ಎಂದು ಕೋರ್ಟು ಶುರು ಮಾಡುತ್ತೇವೆ. ಹಾಗಾದಾಗ ಜೋಗವೇ ಲೇಸು ಎಂದು ನಿಮಗೆ ಅನಿಸಿದರೆ ಆಶ್ಚರ್ಯವೇನು! ಹಿರಿಯರೆಲ್ಲರ ಪರವಾಗಿ, ಅವರನ್ನು ಕೇಳದೆಯೇ, ನಾನು ಭಾಷೆ ಕೊಡುತ್ತೇನೆ: ಆ ಎರಡು ತಾಸಿನಲ್ಲಿ ಈ ಪ್ರಶ್ನೆಗಳಿಲ್ಲ. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ ಎದ್ದುಹೋಗಿ.

ಬೆಂಗಳೂರಿನಲ್ಲೂ ಇದು ಸಾಧ್ಯವೇ ಎಂದು ನಿಮ್ಮಲ್ಲೊಬ್ಬಳು ಕೇಳಿದಳು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಒಂದು ದೊಡ್ಡಪತ್ರೆ ಗಿಡ ಇಟ್ಟು, ವಾರಕ್ಕೊಮ್ಮೆ ನಾಲ್ಕು ಎಲೆ ಕೊಯ್ದು ತಂಬುಳಿ ಮಾಡಿ, ಅದನ್ನು ನಿಂತುಕೊಂಡು ತಿನ್ನದೆ ಕೂತು ತಿಂದರೆ ನನ್ನ ಲೆಕ್ಕದಲ್ಲಿ ಪಾಸು.

ಕೊನೆಯದಾಗಿ ಒಂದು ಕೆಲಸವಿದೆ, ಆಮಂತ್ರಣ ಎಂದೂ ತಿಳಿಯಬಹುದು. ನಮ್ಮ ಹಿತ್ತಲ ಅಪ್ಪೆಮರ ಈ ವರ್ಷ ಮಿಡಿ ಬಿಟ್ಟಿದೆ. ಮುಳುಗಡೆಗೆ ಮುಂಚೆ ಅಪ್ಪಯ್ಯ ಹೊಳೆಸಾಲಿನ ಮರದ ಗೊರಟು ತಂದು ಹಾಕಿದ್ದು ಇದು. ಗೊರಟಿನಿಂದ ಎದ್ದ ಮರ ತಾಯಿಮರದಂತೆಯೇ ಇರಬೇಕೆಂದಿಲ್ಲ. ಪರಿಮಳ ಒಂದು ಕೂದಲಷ್ಟು ಕಡಿಮೆ ಎಂದು ನನ್ನ ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ತಾಯಿಮರ ನೀರಿನಡಿಯಲ್ಲಿ, ಹೋಲಿಸಿ ನೋಡುವವರೂ ಈಗ ಯಾರೂ ಇಲ್ಲ. ಮಿಡಿ ಕೊಯ್ಯುವುದು ಅವಸರದಲ್ಲಿ ಆಗುವುದಿಲ್ಲ. ನೆಲಕ್ಕೆ ಬಿದ್ದು ಪೆಟ್ಟಾದರೆ ಕೊಳೆಯುತ್ತದೆ. ತೊಟ್ಟು ಉಳಿಸಿಕೊಂಡು ಬುಟ್ಟಿಗಿಳಿಸಬೇಕು, ತೊಟ್ಟು ಕಿತ್ತರೆ ಸೊನೆ ಹೋಯಿತು, ಸೊನೆ ಹೋದರೆ ಪರಿಮಳ ಹೋಯಿತು. ಒರೆಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ದಿನಾ ಒಮ್ಮೆ ಭರಣಿ ಅಲುಗಿಸಬೇಕು. ಉಪ್ಪು ನೀರಾಗಿ, ಮಿಡಿ ಚಿರುಟಿಕೊಳ್ಳಲು ಎರಡು ಮೂರು ವಾರ. ಆಮೇಲೆ ಆ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಮೆಣಸು ಅರೆದು ಬೆರೆಸುವುದು. ಆದ ಮೇಲೂ ತಕ್ಷಣ ತಿನ್ನುವಂತಿಲ್ಲ. ನೀವು ಡಬ್ಬಿಯಲ್ಲಿ ತುಂಬಿಸಿಕೊಂಡು ಓಡುವ ಉಪ್ಪಿನಕಾಯಿಯ ಹಿಂದಿನ ಕಥೆ ಇದು.

ಮುಂದಿನ ಶನಿವಾರ ಬೆಳಿಗ್ಗೆ ಮರ ಹತ್ತಿಸುವವನಿದ್ದೇನೆ. ಕೆಳಗೆ ಬಲೆ ಹಿಡಿಯಲು ನಾಲ್ಕು ಜನ, ಒರೆಸಲು ಆರು ಜನ ಬೇಕು. ಬಂದವರಿಗೆ ಆಸರಿಗೆ ನಿಂಬೆ ಪಾನಕ, ಮಧ್ಯಾಹ್ನ ಊಟ, ಬಡಿಸುವುದು ನಾನು. ಬರುವಾಗ ಸಾಗರದ ಪೇಟೆಯಲ್ಲಿ ಇಳಿದು ಐದು ಕಿಲೋ ಕಲ್ಲುಪ್ಪು ತನ್ನಿ. ಪುಡಿ ಉಪ್ಪು ಬೇಡ, ಮಿಡಿಗೆ ಆಗುವುದಿಲ್ಲ. ಹಾಗೆಯೇ ಸೇತುವೆಯ ಮೇಲೆ ಬರುವಾಗ ಒಂದು ಕ್ಷಣ ಕೆಳಗೆ ನೋಡಿ, ಹೊಳೆ ಎಷ್ಟರ ಮಟ್ಟಿಗೆ ಇಳಿದಿದೆ ಎಂದು ನನಗೆ ಬಂದು ಹೇಳಿ. ಒಂದು ಪದದಲ್ಲಿ ಬೇಡ.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮೂರ ನಿವೃತ್ತ ಕನ್ನಡ ಮೇಷ್ಟ್ರು
ಕರೂರು ಹೋಬಳಿ, ಸಾಗರ ತಾಲ್ಲೂಕು

(ದಿನಾಂಕ ಹಾಕಲು ಮರೆತೆ. ಅರ್ಧ ಅಂಕ ಕಳೆಯಿರಿ.)